ಮಳೆಗಾಲದ ಪಟ್ಟಿಯಿಂದ ಉಂಚಳ್ಳಿ ಕೈಬಿಡಿ

ಸಂಪಾದಕರೇ,

ಮಳೆ ಶುರುವಾದರೆ ಸಾಕು, ಎಲ್ಲ ಪತ್ರಿಕೆಗಳಲ್ಲೂ ‘ನೋಡಲೇಬೇಕಾದ ಜಲಪಾತಗಳು’ ಎಂಬ ಪುಟ ಬರುತ್ತದೆ. ಜೋಗದ ಪಕ್ಕದಲ್ಲೇ ನಮ್ಮ ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯೂ ಇರುತ್ತದೆ. ಸಂತೋಷ. ಆದರೆ ಹಾಕುವ ಫೋಟೊ ನೋಡಿದರೆ ಗೊತ್ತಾಗುತ್ತದೆ, ಅದು ಮಳೆಗಾಲದ್ದಲ್ಲ!

ಆ ಪುಟ ನಂಬಿ ಜುಲೈನಲ್ಲಿ ಬೆಂಗಳೂರು, ಹುಬ್ಬಳ್ಳಿಯಿಂದ ಮಕ್ಕಳು ಮರಿ ಕಟ್ಟಿಕೊಂಡು ಬರುವವರ ಪಾಡು ಕೇಳಿ. ಹೆಗ್ಗರಣೆ ದಾಟಿ, ಕಾಡಿನ ದಾರಿ ಹಿಡಿದು, ಪಾಚಿಗಟ್ಟಿದ ಮೆಟ್ಟಿಲು ಇಳಿದು, ಸಾಕ್ಸ್ ಒಳಗೆ ಹೊಕ್ಕ ಉಂಬಳ (ಜಿಗಣೆ) ಕಿತ್ತು ಬಿಸಾಡುತ್ತಾ ಕಂಬಿಯ ಹತ್ತಿರ ಹೋಗಿ ನಿಂತರೆ ಎದುರಿಗೆ ಬರೀ ಬಿಳಿ ಮಂಜು. ಶಬ್ದ ಮಾತ್ರ ಎದೆಗೇ ಬಡಿಯುತ್ತದೆ, ಪಕ್ಕದವರು ಹೇಳಿದ್ದು ಕೇಳುವುದಿಲ್ಲ. ಉಂಚಳ್ಳಿಯನ್ನು ಕೆಪ್ಪ ಜೋಗ ಅಂತ ಹಿರಿಯರು ಸುಮ್ನೆ ಕರೆದಿದ್ದಲ್ಲ. ಒಮ್ಮೊಮ್ಮೆ ಮಂಜು ಸರಿದು ಕೆಂಪು ನೀರು ಕಾಣುತ್ತದೆ, ಫೋನ್ ತೆಗೆಯುವಷ್ಟರಲ್ಲಿ ಮತ್ತೆ ಮಾಯ. ಇಷ್ಟು ದೂರ ಬಂದು ಏನೂ ನೋಡದೆ ಹೋಗುವುದಾ ಅಂತ ಹುಡುಗರು ಕಂಬಿ ದಾಟುವುದು ಆಗಲೇ. ಧುಮುಕುವ ಎತ್ತರ 116 ಮೀಟರ್, ಕೆಳಗೆ ದಟ್ಟ ಕಣಿವೆ. ಕಾಲು ಜಾರಿದರೆ ಯಾರನ್ನು ಕರೆಯುತ್ತೀರಿ? ಸಿಗ್ನಲ್ ನಂಬುವಂತಿಲ್ಲ, ಕೂಗಿದರೂ ಕೇಳಿಸದು.

ದೀಪಾವಳಿ ಹೊತ್ತಿಗೆ ಬನ್ನಿ. ಆಗ ನೀರಿರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಜೋಗದಲ್ಲಾದರೆ ಲಿಂಗನಮಕ್ಕಿ ಅಣೆಕಟ್ಟಿನಿಂದ ಬಿಟ್ಟಷ್ಟು ನೀರು. ಉಂಚಳ್ಳಿಯಲ್ಲಿ ಧುಮುಕುವ ಅಘನಾಶಿನಿ ಹೊಳೆಗೆ ಆ ಹಂಗಿಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ ಕುಮಟಾ ಹತ್ತಿರ ಸಮುದ್ರ ಸೇರುವವರೆಗೆ ಅದಕ್ಕೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಕಾಡು ಹಿಡಿದಿಟ್ಟುಕೊಂಡ ನೀರು ಮಳೆ ನಿಂತ ಮೇಲೂ ಬರುತ್ತಲೇ ಇರುತ್ತದೆ. ಈ ಕಡೆಯ ರಾಮಪತ್ರೆ ಜಡ್ಡಿಗಳಲ್ಲಿ, ಅಂದರೆ ರಾಮಪತ್ರೆ ಮರಗಳಿರುವ ಜೌಗು ಕಾಡಿನಲ್ಲಿ, ಕಾಲಿಟ್ಟು ನೋಡಿದವರಿಗೆ ಇದು ಗೊತ್ತು, ಬೇಸಿಗೆಯಲ್ಲೂ ಅಲ್ಲಿ ತೇವ ಆರುವುದಿಲ್ಲ. ದೀಪಾವಳಿ ಹೊತ್ತಿಗೆ ಹೊಳೆ ತಿಳಿಯಾಗಿರುತ್ತದೆ, ಬಂಡೆಯ ಮೇಲಿಂದ ಕೆಳಗಿನವರೆಗೂ ಧಾರೆ ಪೂರ್ತಿ ಕಾಣುತ್ತದೆ. ಅದೃಷ್ಟವಿದ್ದರೆ ಸಿಂಗಳೀಕವೂ ಕಂಡೀತು. ಈ ಕಾಡನ್ನು ಕಾಯ್ದಿಟ್ಟಿರುವುದೇ ಅವುಗಳಿಗಾಗಿ. ದಯವಿಟ್ಟು ಚಿಪ್ಸ್ ಪೊಟ್ಟಣ ತೋರಿಸಿ ಕರೆಯಬೇಡಿ, ಅವು ಬಸ್‌ಸ್ಟ್ಯಾಂಡಿನ ಮಂಗಗಳಲ್ಲ.

ಪತ್ರಿಕೆಯವರು ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಪ್ರತಿ ಜಲಪಾತದ ಎದುರು ಒಂದೇ ಸಾಲು ಹಾಕಿ: ಯಾವ ತಿಂಗಳಲ್ಲಿ ನಿಜಕ್ಕೂ ಕಾಣುತ್ತದೆ, ಎಷ್ಟು ನಡೆಯಬೇಕು, ವಯಸ್ಸಾದವರಿಗೆ ಆಗುತ್ತಾ ಅಂತ. ಉಂಚಳ್ಳಿಯಲ್ಲಿ ಇಳಿಯುವುದು ಸುಲಭ, ಮಂಡಿನೋವಿದ್ದವರಿಗೆ ಗೊತ್ತಾಗುವುದು ವಾಪಸ್ ಹತ್ತುವಾಗ. ಇದು ಮೊದಲೇ ಗೊತ್ತಿದ್ದರೆ ಒಳ್ಳೇದಲ್ವಾ?

ಮುಂದಿನ ಜೂನ್‌ನಲ್ಲಿ ಪುಟ ಮಾಡುವಾಗ ಉಂಚಳ್ಳಿಯನ್ನು ಬಿಟ್ಟುಬಿಡಿ, ನವೆಂಬರಿನಲ್ಲಿ ಹಾಕಿ. ಜಾಗ ಖಾಲಿ ಉಳಿದರೆ ಜೋಗದ ಫೋಟೊ ಸ್ವಲ್ಪ ದೊಡ್ಡದು ಮಾಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

– ಒಬ್ಬ ಓದುಗ, ಸಿದ್ದಾಪುರ, ಉತ್ತರ ಕನ್ನಡ