ಹಳೆ ಮೈದಾನಕ್ಕೆ ಹೊಸ ಹುಲ್ಲೇ ಬೇಕೆ?

ಮಾನ್ಯ ಸಂಪಾದಕರೇ,

ನಮ್ಮ ಬಳ್ಳಾರಿ ಸೀಮೆಯಲ್ಲಿ ಹಳೆ ಮೈದಾನದ ಜೀರ್ಣೋದ್ಧಾರ ಎಂದರೆ ಮೊದಲು ಜೆಸಿಬಿ, ಆಮೇಲೆ ಲಾನ್, ಕೊನೆಗೆ ಸ್ಪ್ರಿಂಕ್ಲರ್. ಅಮೆರಿಕದ ನಾರ್ತ್ ಕೆರೊಲಿನಾದ ಪೈನ್‌ಹರ್ಸ್ಟ್ 2ನೇ ನಂಬರಿನ ಗಾಲ್ಫ್ ಅಂಗಳದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಡೊನಾಲ್ಡ್ ರಾಸ್ ರೂಪಿಸಿದ, 1907ರಲ್ಲಿ ತೆರೆದ ಆ ಅಂಗಳವನ್ನು 2010–11ರಲ್ಲಿ ಗಾಲ್ಫ್ ಅಂಗಳಗಳ ವಿನ್ಯಾಸಕರಾದ ಬಿಲ್ ಕೂರ್, ಬೆನ್ ಕ್ರೆನ್‌ಶಾ ಹಳೆಯ ರೂಪಕ್ಕೆ ತಂದರು. ಸುಮಾರು 35 ಎಕರೆ ಹುಲ್ಲು ಕಿತ್ತು ಮರಳು, ಕಾಡುಹುಲ್ಲು ಬಿಟ್ಟರು. ಸ್ಪ್ರಿಂಕ್ಲರ್‌ಗಳು 1,150ರಿಂದ 450ಕ್ಕೆ ಇಳಿದವು. ಆಟದ ಹುಲ್ಲಿನ ಹಳೆಯ ಅಂಚು ಗೊತ್ತಾದದ್ದು 1943ರ ವೈಮಾನಿಕ ಚಿತ್ರಗಳಿಂದ ಮತ್ತು ನೆಲದಡಿಯ ಹಳೆ ನೀರಿನ ಪೈಪಿನಿಂದ. ಫೇರ್‌ವೇ (ಚೆಂಡು ಹೊಡೆದು ಸಾಗುವ ಹುಲ್ಲಿನ ಪಟ್ಟಿ) ನಡುವೆ ಪೈಪು ಒಂದೇ ಸಾಲು. ಅದು ನೀರು ಎರಚಿದಷ್ಟೇ ಫೇರ್‌ವೇಯ ಅಗಲ. 2014ರಲ್ಲಿ ಪುರುಷರ, ಮಹಿಳೆಯರ ಯು.ಎಸ್. ಓಪನ್ ಗಾಲ್ಫ್ ಟೂರ್ನಿ ಎರಡೂ ಅಲ್ಲೇ ಬೆನ್ನುಬೆನ್ನಿಗೆ ನಡೆದವು.

ಗ್ರೀನ್‌ಗಳು (ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಕೆಡುವುದು ನಿಧಾನವಾಗಿ. ಅಂಚು ಬೋಳಾದೀತೆಂದು ಹುಲ್ಲು ಕತ್ತರಿಸುವವರು ಚೂರುಚೂರೇ ಒಳಗೆ ಸರಿಯುತ್ತಾರೆ. ವರ್ಷಗಳಲ್ಲಿ ಮೂಲೆಗಳೇ ಮಾಯ. ಮೇಲೆ ಉದುರಿಸುವ ಮರಳು ಪದರ ಪದರವಾಗಿ ಕೂತು ಏರಿಳಿತವನ್ನೂ ಬದಲಿಸುತ್ತದೆ. ಅಡ್ಡಗುಂಡಿ ತೆಗೆದು ಈ ಪದರ ನೋಡದೆ ಯಂತ್ರ ಇಳಿಸಿದರೆ ಸಾಕ್ಷ್ಯವೇ ಹೋಯಿತು.

ನಮ್ಮ ಎರೆಮಣ್ಣು ಪೈನ್‌ಹರ್ಸ್ಟ್‌ನ ಮರಳಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರ ಲಾನ್ ಹಾಸಿದರೆ ಮಳೆಗೆ ಕೆಸರು, ಬೇಸಿಗೆಗೆ ಟ್ಯಾಂಕರ್. ಟೆಂಡರ್‌ಗೆ ಮುನ್ನ ಅಧಿಕಾರಿಗಳು ಹಳೆ ನಕ್ಷೆ, ಫೋಟೊ, ಮೋಜಣಿ ದಾಖಲೆ ಸಂಗ್ರಹಿಸಲಿ, ನಾಲ್ಕೈದು ಕಡೆ ಪರೀಕ್ಷಾ ಗುಂಡಿ ತೆಗೆಸಲಿ. ಆಟಕ್ಕೆ ಬೇಕಾದಷ್ಟು ಜಾಗಕ್ಕೆ ಮಾತ್ರ ಹುಲ್ಲು ಎಂದು ಕರಾರಿನಲ್ಲೇ ಬರೆಸಲಿ.

– ಕ್ರೀಡಾಭಿಮಾನಿಗಳು, ಬಳ್ಳಾರಿ