ಅರಣ್ಯ ಹಕ್ಕು: ಮನವಿ ಪತ್ರದಷ್ಟೇ ಹಿಂಬರಹವೂ ಮುಖ್ಯ

ಮಾನ್ಯರೇ,

ಕೊಡಗಿನ ಹಾಡಿಗಳ (ಆದಿವಾಸಿ ವಸತಿಗಳ) ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳ ಪರವಾಗಿ ಮಡಿಕೇರಿಯಲ್ಲೂ ಬೆಂಗಳೂರಿನಲ್ಲೂ ಮನವಿ ಪತ್ರ ಕೊಡುವುದು ನಡೆದೇ ಇದೆ. ಅದು ಬೇಕು. ಆದರೆ ಕಾಡಿನಲ್ಲಿ ಬಾಳಿಬಂದವರ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿ ಗೆಲ್ಲುವುದೂ ಬೀಳುವುದೂ ಕಡತದಲ್ಲಿ. ಸಂಘಟನೆಗಳು ಅಲ್ಲಿ ಇನ್ನೂ ಹೆಚ್ಚು ದುಡಿಯಬೇಕು.

ಮೊದಲು ಸಭೆ. ಈ ಕಾಯ್ದೆಯ 2012ರ ತಿದ್ದುಪಡಿ ನಿಯಮದಂತೆ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು, ಹಕ್ಕಿನ ಬಗ್ಗೆ ನಿರ್ಣಯವಾಗುವಾಗ ಅರ್ಜಿದಾರರಲ್ಲಿ ಅರ್ಧ ಜನ ಅಥವಾ ಅವರ ಪ್ರತಿನಿಧಿಗಳು ಹಾಜರಿರಬೇಕು. ಇಡೀ ಪಂಚಾಯಿತಿಗೆ ಒಂದೇ ಸಭೆ ಕರೆದರೆ ಈ ಕೋರಂ ತುಂಬುವುದು ಕಷ್ಟ. ಹಾಡಿಯಲ್ಲೇ ಸೇರಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲು ಸಭೆ ಇಟ್ಟರೆ ಎಲ್ಲರೂ ತೋಟದಲ್ಲಿರುತ್ತಾರೆ. ರಜೆಯ ದಿನ ನೋಡಿ ಕರೆಯುವುದೇ ಸರಿ. ನಡಾವಳಿ ಪುಸ್ತಕದಲ್ಲಿ ಹೆಂಗಸರ ಸಹಿ, ಹೆಬ್ಬೆಟ್ಟು ಬೇರೆಯಾಗಿ ಎಣಿಸಿ ಬರೆಯಿರಿ.

ಎರಡನೆಯದು ಸಾಕ್ಷ್ಯ. ದಂಡದ ರಸೀದಿ, ಹಳೆಯ ಸರ್ಕಾರಿ ದಾಖಲೆ ಇಲ್ಲವೆಂದು ಜನ ಕೈಚೆಲ್ಲುತ್ತಾರೆ. ಕಾಯ್ದೆಯ ನಿಯಮಗಳಲ್ಲಿ 13ನೆಯದು ಮನೆ, ಬಾವಿ, ಹೂಳುವ ಜಾಗ, ದೇವರ ನೆಲೆ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ ಎಲ್ಲವನ್ನೂ ಒಪ್ಪುತ್ತದೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇಡಬೇಕು. ಇಂಥದೇ ಕಾಗದ ತನ್ನಿ ಎಂದು ಒತ್ತಾಯಿಸುವಂತಿಲ್ಲ; ಉಪಗ್ರಹ ಚಿತ್ರ ಪೂರಕವೇ ಹೊರತು ಉಳಿದ ಸಾಕ್ಷ್ಯಕ್ಕೆ ಬದಲಿಯಲ್ಲ. ಸ್ಥಳ ಪರಿಶೀಲನೆಗೆ ಅರಣ್ಯ, ಕಂದಾಯ ಇಲಾಖೆಯವರು ಬಂದು ಹುದ್ದೆ, ದಿನಾಂಕ, ಅಭಿಪ್ರಾಯ ಬರೆದು ಸಹಿ ಹಾಕಬೇಕು. ಮಳೆಗಾಲಕ್ಕೆ ಮುನ್ನ ಇದು ಮುಗಿಯದಿದ್ದರೆ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ.

ಹೆಚ್ಚು ನಷ್ಟವಾಗುವುದು ತಿರಸ್ಕಾರದ ಹಂತದಲ್ಲಿ. ಗ್ರಾಮಸಭೆಯ ನಿರ್ಣಯವನ್ನು ಪರಿಶೀಲಿಸುವ ಉಪವಿಭಾಗ ಸಮಿತಿಯ ತೀರ್ಮಾನವನ್ನು ಅರ್ಜಿದಾರರಿಗೆ ಖುದ್ದಾಗಿ, ಕಾರಣ ಸಮೇತ ತಿಳಿಸಬೇಕು. ಅಲ್ಲಿಂದ 60 ದಿನದೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ. ಸಮಿತಿ ಒಪ್ಪಿದರೆ ಇನ್ನೂ 30 ದಿನ. ‘ಆಗಲ್ಲ’ ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಯಾವ ಕಾರಣದ ಮೇಲೆ ಮೇಲ್ಮನವಿ ಬರೆಯುವುದು? ದಿನಾಂಕವಿರುವ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ ಪಡೆಯಲೇಬೇಕು. ಈ ಪ್ರಕ್ರಿಯೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲ ಎನ್ನುವ ಕಾಯ್ದೆಯ ಕಲಂ 4(5) ಕೂಡ ಪ್ರತಿ ಹಾಡಿಗೆ ಗೊತ್ತಿರಬೇಕು.

ಪತ್ರಕರ್ತ ಮಿತ್ರರು ಎಷ್ಟು ಅರ್ಜಿ ತಿರಸ್ಕೃತ ಎಂದು ಬರೆಯುವಾಗ ಎಷ್ಟು ಮಂದಿಗೆ ಹಿಂಬರಹ ಸಿಕ್ಕಿದೆ ಎಂಬುದನ್ನೂ ಕೇಳಲಿ. ಜಿಲ್ಲಾಡಳಿತ ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು ಕಾರಣಗಳೊಂದಿಗೆ ಆಯಾ ಹಾಡಿಯಲ್ಲೇ, ಅಲ್ಲಿನವರ ಮಾತಿನಲ್ಲಿ ಓದಿ ಹೇಳಿಸಲಿ.

– ಅರಣ್ಯ ಹಕ್ಕು ಅರ್ಜಿಗಳ ಕೆಲಸದಲ್ಲಿರುವ ಕಾರ್ಯಕರ್ತರು, ಗೋಣಿಕೊಪ್ಪಲು