ಮಾವನಿಗೆ ನಿನ್ನ ಕಣ್ಣು ಬೇಕಂತೆ

ದಾವಣಗೆರೆ

ಪ್ರೀತಿಯ ಪುಟ್ಟಾ,

ಅತ್ತೆಯ ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ತಲೆಯಿಂದ ಹೋಗುತ್ತಿಲ್ಲ. "ಅತ್ತೆ, ಮಿದುಳು ಸುಮ್ನೆ ಕಥೆ ಕಟ್ಟುತ್ತೆ. ಬದುಕಿಗೆ ಅರ್ಥ ಇದೆ ಅನ್ನೋದೂ ಅಂಥದ್ದೇ ಒಂದು ಕಥೆ" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಹೈಸ್ಕೂಲಿನಲ್ಲಿ 28 ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಹಾಗೇ ಬಿಡಲು ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ.

ಕಥೆ ಕಟ್ಟುತ್ತೆ ಅನ್ನೋದು ನಿಜ. 1944ರಲ್ಲಿ ಅಮೆರಿಕದಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಇಬ್ಬರು ಒಂದು ಚಿಕ್ಕ ಚಲನಚಿತ್ರ ಮಾಡಿ 34 ಮಂದಿಗೆ ತೋರಿಸಿದರು. ಅದರಲ್ಲಿ ಓಡಾಡುತ್ತಿದ್ದದ್ದು ಎರಡು ತ್ರಿಕೋನ, ಒಂದು ವೃತ್ತ. ಜೊತೆಗೆ ಬಾಗಿಲಿದ್ದ ಒಂದು ಆಯತ. ಅಷ್ಟೇ. ನೋಡಿದವರಲ್ಲಿ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಅವಕ್ಕೆ ಜೀವ ಇದೆ ಎನ್ನುವ ಹಾಗೇ ಮಾತಾಡಿದರು. ದೊಡ್ಡದು ಜಗಳಗಂಟ, ಚಿಕ್ಕದು ಧೈರ್ಯದ್ದು, ವೃತ್ತ ಹೆದರಿಕೊಂಡಿದೆ, ಹೀಗೆಲ್ಲ. ಬರೀ ಗೆರೆಗಳಲ್ಲೂ ನಮಗೆ ಭಯ, ಪ್ರೀತಿ ಕಾಣುತ್ತದೆ.

ಆದರೆ ಪುಟ್ಟಾ, "ಅರ್ಥ ಇಲ್ಲ" ಅಂತ ಹೇಳುತ್ತಿರುವುದೂ ಅದೇ ಮಿದುಳು ಅಲ್ವಾ? ಆ ಕಥೆಯನ್ನು ಮಾತ್ರ ಯಾಕೆ ನಂಬುತ್ತೀಯ?

ನಿಮ್ಮ ಮಾವ ದುಡಿಯುತ್ತಿದ್ದ ಹತ್ತಿ ಮಿಲ್ಲು ಬಾಗಿಲು ಹಾಕಿದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಬರಬೇಕಾದ ದುಡ್ಡೂ ಪೂರ್ತಿ ಬರಲಿಲ್ಲ. ನಾಲ್ಕು ತಿಂಗಳು ಅವರು ಹಿತ್ತಿಲ ಕಟ್ಟೆಯ ಮೇಲೆ ಗೋಡೆ ನೋಡುತ್ತಾ ಕೂತರು. "ನನ್ನಿಂದ ಇನ್ನೇನೂ ಆಗಲ್ಲ." ಅದೊಂದೇ ಮಾತು. ಮಾರ್ಕಸ್ ರೇಚಲ್ ಎಂಬ ವಿಜ್ಞಾನಿಯ ತಂಡ 2001ರಲ್ಲಿ ಬರೆದದ್ದನ್ನು ಆಮೇಲೆ ಯಾವಾಗಲೋ ಓದಿದೆ. ಕೆಲಸವಿಲ್ಲದೆ ಕೂತಾಗಲೂ ಮಿದುಳು ಸುಮ್ಮನಿರುವುದಿಲ್ಲವಂತೆ. ಅದರ ಕೆಲವು ಭಾಗಗಳು ಆಗಲೇ ಜಾಸ್ತಿ ಚುರುಕು. ಒಂದು ಕೆಲಸಕ್ಕೆ ಗಮನ ಕೊಟ್ಟರೆ ಅವು ತಗ್ಗುತ್ತವೆ. ನಮ್ಮ ಬಗ್ಗೆ, ಹಿಂದಿನದು ಮುಂದಿನದು ಯೋಚಿಸುವಾಗ ಓಡುವುದೂ ಅವೇ. ಅದೇನೂ ಕೆಟ್ಟದ್ದಲ್ಲ. ಆದರೆ ಮನಸ್ಸು ಕುಗ್ಗಿದಾಗ ಯೋಚನೆ ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತದೆ. ಓದಿದಾಗ ನನಗೆ ಆ ಕಟ್ಟೆಯೇ ಕಣ್ಣಿಗೆ ಬಂತು.

ನಾನು ಹೇಳಿದ ಬುದ್ಧಿಮಾತು ಒಂದೂ ನಾಟಲಿಲ್ಲ. ಒಂದು ಬೆಳಗಿನ ಜಾವ ಮಂಡಕ್ಕಿ ಭಟ್ಟಿಯ ಹುಡುಗ ಓಡಿಬಂದ. "ಬ್ಲೋಯರ್ ಮೋಟಾರು ಕಿರುಗುಟ್ಟಿ ನಿಲ್ತಿದೆ, ಮರಳು ಕಾಯ್ತಿಲ್ಲ, ನೀವೇ ಬರಬೇಕು" ಅಂದ. ಮಾವ ಮಾತಾಡದೆ ಚಪ್ಪಲಿ ಮೆಟ್ಟಿದರು. ನಾನೂ ಹಿಂದೆಯೇ ಹೋದೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಹತ್ತಿರ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದರು. ಹುಡುಗ ಸ್ವಿಚ್ ಹಾಕಿದ. ಸ್ವಲ್ಪ ಹೊತ್ತು ಕೇಳಿ "ಇದೇ" ಅಂದರು. ಎಂಟು ಗಂಟೆಗೆಲ್ಲ ಕಾದ ಮರಳಿನಲ್ಲಿ ಅಕ್ಕಿ ಚಟಚಟ ಅರಳುತ್ತಿತ್ತು. ಅಂಗಿ ತುಂಬಾ ಗ್ರೀಸು, ಬೂದಿ ಮಾಡಿಕೊಂಡು ಮನೆಗೆ ಬಂದವರು "ಹಸಿವಾಗ್ತಿದೆ, ಏನಿದೆ?" ಅಂದರು. ನಾಲ್ಕು ತಿಂಗಳಲ್ಲಿ ಅವರಾಗಿಯೇ ಊಟ ಕೇಳಿದ್ದು ಅದೇ ಮೊದಲು. ಒಲೆ ಮುಂದೆ ನಿಂತು ಅತ್ತುಬಿಟ್ಟೆ ನಾನು.

ಅವತ್ತಿಗೇ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ವರ್ಷದ ಮೇಲೆ ಹಿಡಿಯಿತು. ಆದರೆ ಯಾರೋ ಬಾಗಿಲು ತಟ್ಟಿ "ನೀವೇ ಬೇಕು" ಅಂದರೆ ಮಿದುಳಿಗೆ ಬೇರೆ ಕಥೆ ಕಟ್ಟಲು ಸಾಮಾನು ಸಿಗುತ್ತದೆ. ರಾತ್ರಿಯೆಲ್ಲ ರೂಮಿನಲ್ಲಿ ಒಬ್ಬನೇ ಕೂತವನಿಗೆ ಆ ಸಾಮಾನು ಎಲ್ಲಿಂದ ಬರಬೇಕು ಹೇಳು.

ಇನ್ನೊಂದು ಮಾತು. ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದ್ದರೆ ಅದನ್ನು ವೇದಾಂತ ಅಂದುಕೊಳ್ಳಬೇಡ. ಡಾಕ್ಟರ ಹತ್ತಿರ ಹೋಗು. 14416ಕ್ಕಾದರೂ ಫೋನ್ ಮಾಡು, ಅದು ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರ ನಡೆಸುವ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಹತ್ತಿರವೂ ಮುಚ್ಚಿಡಬೇಡ.

ಈ ಭಾನುವಾರ ಬಾ. ಎದುರು ಮನೆ ಅಜ್ಜಿಯ ಹೊಲಿಗೆ ಮಿಷನ್ನು ನಮ್ಮ ಪಡಸಾಲೆಯಲ್ಲಿ ಬಿಚ್ಚಿಟ್ಟಿದೆ. ಮಾವನಿಗೆ ಈಗ ಕಣ್ಣಿನ ಪೊರೆ, ಸಣ್ಣ ಸ್ಕ್ರೂ ಕಾಣುವುದಿಲ್ಲ. "ಪುಟ್ಟ ಬಂದರೆ ಆಗುತ್ತೆ" ಅಂತ ಸ್ಕ್ರೂಗಳನ್ನೆಲ್ಲ ಒಂದು ಬಟ್ಟಲಿಗೆ ಹಾಕಿಟ್ಟು ಕಾಯುತ್ತಿದ್ದಾರೆ.

ನಿನ್ನ ಅತ್ತೆ